ಮನೆಯ ರೌಟರ್ ಒಳಗಿನ ಸೆಟ್ಟಿಂಗ್ಸ್: ಎರಡು ಡಬ್ಬಿ ಇರುವ ತುಮಕೂರಿನ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ತುಮಕೂರಿನಲ್ಲಿ ಫೈಬರ್ ಇಂಟರ್ನೆಟ್ ಇರುವ ಎಷ್ಟೋ ಮನೆಗಳಲ್ಲಿ ಈಗ ಎರಡು ಡಬ್ಬಿ ಇರುತ್ತವೆ. ಒಂದು ಕೇಬಲ್‌ನವರು ಗೋಡೆಗೆ ಮೊಳೆ ಹೊಡೆದು ಹಾಕಿ ಹೋದದ್ದು. ಇನ್ನೊಂದು, ಅದರ ಸಿಗ್ನಲ್ ಮಹಡಿಗೆ ಬರ್ತಿಲ್ಲ ಅಂತ ನಾವೇ ತಂದು ಸಿಕ್ಕಿಸಿದ್ದು. ಎರಡೂ ರೌಟರ್‌ಗಳೇ. ಎರಡೂ ತಾನೇ ಮನೆಯ ಯಜಮಾನ ಅಂದುಕೊಂಡಿರುತ್ತವೆ. ಕೆಳಗಿನ ಪ್ರಿಂಟರ್ ಮೇಲಿನ ಲ್ಯಾಪ್‌ಟಾಪ್‌ಗೆ ಕಾಣುವುದಿಲ್ಲ. ಗೇಟಿನ ಕ್ಯಾಮೆರಾ ಒಂದು ವೈಫೈನಲ್ಲಿ ಸಿಕ್ಕರೆ ಇನ್ನೊಂದರಲ್ಲಿ ಸಿಗುವುದಿಲ್ಲ. ಮೆಟ್ಟಿಲು ಹತ್ತುತ್ತಿದ್ದಂತೆ ಆಫೀಸಿನ ಮೀಟಿಂಗ್ ಕಟ್ ಆಗುತ್ತದೆ. ಇಂಥ ತಕರಾರುಗಳಲ್ಲಿ ಬಹಳಷ್ಟು ಈ ಇಬ್ಬರು ಯಜಮಾನರ ಜಗಳದಿಂದಲೇ ಹುಟ್ಟುತ್ತವೆ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಹೆಚ್ಚು ಜಾಗ ಅದಕ್ಕೇ ಮೀಸಲು. ಉಳಿದ ಸೆಟ್ಟಿಂಗ್‌ಗಳಲ್ಲಿ ಕೆಲವು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ, ಕೆಲವನ್ನು ಮುಟ್ಟದಿರುವುದೇ ಒಳ್ಳೆಯದು. ಎಲ್ಲಿ ಯಾವುದು ಅಂತ ಹೇಳುತ್ತಾ ಹೋಗುತ್ತೇನೆ. ಮೆನುವಿನ ಹೆಸರುಗಳು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ ಇರುತ್ತವೆ. ಸ್ವಲ್ಪ ಹುಡುಕಿದರೆ ಸಿಗುತ್ತದೆ.

ಸೆಟ್ಟಿಂಗ್ಸ್ ತೆರೆಯುವ ಮುಂಚೆ ದೀಪ ನೋಡಿ

ಫೈಬರ್ ಡಬ್ಬಿಯ ಮೇಲೆ "ಪಾನ್" ಮತ್ತು "ಲಾಸ್" ಅಂತ ಎರಡು ದೀಪಗಳಿರುತ್ತವೆ. ಪಾನ್ ಹಸಿರಾಗಿ ಬಿಡದೆ ಉರಿಯುತ್ತಿದ್ದರೆ ಫೈಬರ್ ಸರಿಯಿದೆ. ಲಾಸ್ ಕೆಂಪಗೆ ಮಿಣುಕುತ್ತಿದ್ದರೆ ಬೆಳಕು ಡಬ್ಬಿಯವರೆಗೆ ಬರುತ್ತಿಲ್ಲ. ಆಗ ಯಾವ ಸೆಟ್ಟಿಂಗ್ ಬದಲಿಸಿದರೂ ಪ್ರಯೋಜನವಿಲ್ಲ. ನಮ್ಮ ಕಡೆ ಫೈಬರ್ ಕಂಬದಿಂದ ಕಂಬಕ್ಕೆ ತೂಗಾಡುತ್ತಾ ಬರುತ್ತದೆ. ತೆಂಗಿನ ಗರಿ ಬಿದ್ದರೂ ಸಾಕು, ಎತ್ತರಕ್ಕೆ ಲೋಡ್ ಹಾಕಿದ ಲಾರಿ ಹೋದರೂ ಸಾಕು. ಫೋನ್ ಮಾಡಿ ಕೇಬಲ್‌ನವರನ್ನು ಕರೆಸುವುದೊಂದೇ ದಾರಿ.

ದೀಪ ಹಸಿರಿದ್ದೂ ಇಂಟರ್ನೆಟ್ ಆಗಾಗ ಬಿಟ್ಟು ಬಿಟ್ಟು ಬರುತ್ತಿದ್ದರೆ, ಡಬ್ಬಿಯ ಸ್ಟೇಟಸ್ ಪುಟದಲ್ಲಿ "ಆರ್‌ಎಕ್ಸ್ ಪವರ್" ಅಥವಾ "ಆಪ್ಟಿಕಲ್ ಪವರ್" ಅನ್ನೋ ಅಂಕಿ ನೋಡಿ. ಅದು ಮೈನಸ್‌ನಲ್ಲಿರುತ್ತದೆ. -15ರಿಂದ -25ರ ನಡುವೆ ಇದ್ದರೆ ಚಿಂತೆಯಿಲ್ಲ. -27 ದಾಟಿ -28, -29 ಹೀಗೆ ಹೋದರೆ ಬೆಳಕು ತೀರಾ ಕಡಿಮೆ ಅಂತ ಅರ್ಥ. ಸೋಫಾ ಹಿಂದೆ ಫೈಬರ್ ಮಡಚಿಕೊಂಡಿರಬಹುದು, ಜಾಯಿಂಟ್ ಕೆಟ್ಟಿರಬಹುದು. ಈ ಅಂಕಿಯನ್ನು ಫೋಟೊ ತೆಗೆದು ಕಳಿಸಿದರೆ, "ರೀಸ್ಟಾರ್ಟ್ ಮಾಡಿ ನೋಡಿ ಸಾರ್" ಅನ್ನೋ ಉತ್ತರದಿಂದ ತಪ್ಪಿಸಿಕೊಳ್ಳಬಹುದು.

ಇನ್ನೊಂದು ಪರೀಕ್ಷೆ. ಪ್ಲಾನ್ 150 ಅಥವಾ 200 ಎಂಬಿಪಿಎಸ್ ಇದ್ದು, ಲ್ಯಾನ್ ಕೇಬಲ್ ಹಾಕಿ ನೋಡಿದಾಗಲೂ ಸ್ಪೀಡ್ ಪ್ರತಿ ಸಲ 94ರ ಆಸುಪಾಸಿನಲ್ಲೇ ನಿಂತರೆ, ತಪ್ಪು ಹೊರಗಿನ ಲೈನಿನದಲ್ಲ. ದಾರಿಯಲ್ಲಿ ಎಲ್ಲೋ 100 ಎಂಬಿಪಿಎಸ್ ಪೋರ್ಟ್ ಇದೆ, ಇಲ್ಲವೇ ಕೇಬಲ್‌ನ ಎಂಟು ತಂತಿಗಳಲ್ಲಿ ಒಂದು ಜೋಡಿ ಬಿಟ್ಟುಹೋಗಿದೆ. ಕಡಿಮೆ ಬೆಲೆಯ ರೌಟರ್‌ಗಳಲ್ಲಿ "ವೈಫೈ 1200" ಅಂತ ದಪ್ಪಕ್ಕೆ ಬರೆದಿದ್ದರೂ ಹಿಂದಿನ ಪೋರ್ಟ್ 100ರದ್ದೇ ಆಗಿರುವುದುಂಟು. ಕೊಳ್ಳುವಾಗ "ಗಿಗಾಬಿಟ್ ಪೋರ್ಟ್" ಅಂತ ಬರೆದಿದೆಯಾ ನೋಡಿಕೊಳ್ಳಿ.

ರೀಸೆಟ್ ಪಿನ್ ದೂರ ಇರಲಿ

ಡಬ್ಬಿಯ ಹಿಂದೆ ಚಿಕ್ಕ ರಂಧ್ರವಿರುತ್ತದೆ. ಅದಕ್ಕೆ ಪಿನ್ ಚುಚ್ಚಿ ಹತ್ತು ಸೆಕೆಂಡ್ ಹಿಡಿದರೆ ಎಲ್ಲಾ ಅಳಿಸಿಹೋಗುತ್ತದೆ. ನೀವು ತಂದ ರೌಟರ್‌ಗೆ ಹೀಗೆ ಮಾಡಿದರೆ ತೊಂದರೆಯಿಲ್ಲ. ಫೈಬರ್ ಡಬ್ಬಿಗೆ ಮಾತ್ರ ಮಾಡಬೇಡಿ. ಅದರೊಳಗೆ ಕೇಬಲ್‌ನವರು ತುಂಬಿದ ಯೂಸರ್ ನೇಮ್, ಪಾಸ್‌ವರ್ಡ್, ವಿಲ್ಯಾನ್ ನಂಬರ್ (ಅವರ ಲೈನಿನಲ್ಲಿ ನಿಮ್ಮ ಇಂಟರ್ನೆಟ್ ಹಾದಿಯ ಗುರುತು) ಇರುತ್ತವೆ. ಅವು ಹೋದರೆ, ಭಾನುವಾರ ಸಂಜೆ ಅದನ್ನು ಮತ್ತೆ ತುಂಬುವವರು ಯಾರೂ ಸಿಗುವುದಿಲ್ಲ.

ಕೆಲಸ ಶುರು ಮಾಡುವ ಮುಂಚೆ ಮೂರು ಸಿದ್ಧತೆ ಮಾಡಿಕೊಳ್ಳಿ. ಕೇಬಲ್‌ನವರಿಗೆ ಫೋನ್ ಮಾಡಿ "ಪಿಪಿಪಿಒಇ ಯೂಸರ್ ನೇಮ್, ಪಾಸ್‌ವರ್ಡ್, ವಿಲ್ಯಾನ್ ಐಡಿ ಕೊಡಿ" ಅಂತ ಕೇಳಿ ಬರೆದಿಟ್ಟುಕೊಳ್ಳಿ. ಕೆಲವರು ಕೊಡಲು ಹಿಂದೆಮುಂದೆ ನೋಡುತ್ತಾರೆ, ಬಿಡದೆ ಕೇಳಿ. ಪಿಪಿಪಿಒಇ ಅಂದರೆ ಯೂಸರ್ ನೇಮ್, ಪಾಸ್‌ವರ್ಡ್ ಹಾಕಿ ಇಂಟರ್ನೆಟ್‌ಗೆ ಲಾಗಿನ್ ಆಗುವ ಪದ್ಧತಿ. ಕೆಲವು ಕಂಪನಿಗಳಲ್ಲಿ ಈ ಪದ್ಧತಿಯೇ ಇರುವುದಿಲ್ಲ, ಆಗ ಬೇಡ. ಎರಡನೆಯದು, ಬದಲಾಯಿಸಲಿರುವ ಪ್ರತಿ ಪುಟದ ಫೋಟೊ ಮೊಬೈಲಿನಲ್ಲಿ ತೆಗೆಯಿರಿ. ಮೂರನೆಯದು, ವೈಫೈ ಮೇಲೆ ಕೂತು ವೈಫೈ ಸೆಟ್ಟಿಂಗ್ ಬದಲಿಸಬೇಡಿ. ಸೇವ್ ಒತ್ತಿದ ತಕ್ಷಣ ನಿಮ್ಮದೇ ಸಂಪರ್ಕ ಕಡಿಯುತ್ತದೆ. ಒಂದು ಲ್ಯಾನ್ ಕೇಬಲ್, ಒಂದು ಲ್ಯಾಪ್‌ಟಾಪ್ ಇದ್ದರೆ ಕೆಲಸ ಸಲೀಸು.

ಒಳಗೆ ಹೋಗುವ ದಾರಿ

ರೌಟರ್‌ನ ವಿಳಾಸ ತಿಳಿಯಲು ಮೊಬೈಲಿನ ವೈಫೈ ಸೆಟ್ಟಿಂಗ್ಸ್‌ಗೆ ಹೋಗಿ, ಜೋಡಣೆಯಾಗಿರುವ ಹೆಸರಿನ ಮೇಲೆ ಒತ್ತಿ, "ಗೇಟ್‌ವೇ" ಅಂತ ಇರುವುದನ್ನು ನೋಡಿ. ಐಫೋನಿನಲ್ಲಿ ಅದೇ ಜಾಗದಲ್ಲಿ "ರೌಟರ್" ಅಂತ ಇರುತ್ತದೆ. ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ. ಜಿಯೋಫೈಬರ್ ಇದ್ದರೆ 192.168.29.1. ಅದನ್ನು ಬ್ರೌಸರ್‌ನ ಮೇಲಿನ ವಿಳಾಸದ ಪಟ್ಟಿಯಲ್ಲಿ ಟೈಪ್ ಮಾಡಿ. ಗೂಗಲ್‌ನ ಹುಡುಕುವ ಪೆಟ್ಟಿಗೆಯಲ್ಲಿ ಹಾಕಿದರೆ ಯಾವ್ಯಾವುದೋ ಸೈಟುಗಳು ಬರುತ್ತವೆ, ಅಲ್ಲಿ ಪಾಸ್‌ವರ್ಡ್ ಹಾಕಲು ಹೋಗಬೇಡಿ.

ಮೊಬೈಲಿನಲ್ಲೇ ಮಾಡುವುದಾದರೆ ಮೊಬೈಲ್ ಡೇಟಾ ಆಫ್ ಮಾಡಿ. ವೈಫೈನಲ್ಲಿ ಇಂಟರ್ನೆಟ್ ಇಲ್ಲ ಅಂತ ಅನಿಸಿದರೆ ಫೋನು ಸದ್ದಿಲ್ಲದೆ ಡೇಟಾಗೆ ಹಾರುತ್ತದೆ, ಪುಟ ತೆರೆಯುವುದೇ ಇಲ್ಲ. ಬ್ರೌಸರ್ "ಸುರಕ್ಷಿತವಲ್ಲ" ಅಂತ ಹೆದರಿಸಿದರೆ ಹೆದರಬೇಡಿ. ನಿಮ್ಮ ಮನೆಯ ಡಬ್ಬಿಯ ಜೊತೆ ನೀವೇ ಮಾತಾಡುತ್ತಿದ್ದೀರಿ, ಅಷ್ಟೇ.

ಮೊದಲ ಕೆಲಸ ಅಡ್ಮಿನ್ ಪಾಸ್‌ವರ್ಡ್

ವೈಫೈ ಪಾಸ್‌ವರ್ಡ್ ಬೇರೆ, ಅಡ್ಮಿನ್ ಪಾಸ್‌ವರ್ಡ್ ಬೇರೆ. ವೈಫೈ ಪಾಸ್‌ವರ್ಡ್ ಬದಲಿಸಿದವರೂ ಎರಡನೆಯದನ್ನು ಹಾಗೇ ಬಿಟ್ಟಿರುತ್ತಾರೆ. ಡಬ್ಬಿ ಹಾಕಲು ಬಂದವರು ಅದನ್ನು ಬದಲಿಸಿಕೊಟ್ಟದ್ದನ್ನು ನಾನಂತೂ ನೋಡಿಲ್ಲ. ಎಷ್ಟೋ ಡಬ್ಬಿಗಳಲ್ಲಿ ಯೂಸರ್ ನೇಮ್ ಅಡ್ಮಿನ್, ಪಾಸ್‌ವರ್ಡ್ ಕೂಡ ಅಡ್ಮಿನ್. 2016ರಲ್ಲಿ ಮಿರಾಯ್ ಅನ್ನೋ ವೈರಸ್ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್ (ಕ್ಯಾಮೆರಾದ ವಿಡಿಯೋ ತುಂಬಿಡುವ ಪೆಟ್ಟಿಗೆ), ರೌಟರ್‌ಗಳನ್ನು ಹಿಡಿದದ್ದು ಇಂಥ ಕಾರ್ಖಾನೆಯ ಪಾಸ್‌ವರ್ಡ್‌ಗಳ ಪಟ್ಟಿ ಇಟ್ಟುಕೊಂಡೇ.

"ಸಿಸ್ಟಮ್ ಟೂಲ್ಸ್" ಅಥವಾ "ಅಡ್ಮಿನಿಸ್ಟ್ರೇಷನ್" ಮೆನುವಿಗೆ ಹೋಗಿ ಅದನ್ನು ಬದಲಿಸಿ. ಅದೇ ಮೆನುವಿನಲ್ಲಿ "ರಿಮೋಟ್ ಮ್ಯಾನೇಜ್‌ಮೆಂಟ್" ಆನ್ ಇದ್ದರೆ ಆಫ್ ಮಾಡಿ. ಹೊರಗಿನಿಂದ ನಿಮ್ಮ ರೌಟರ್‌ನ ಪುಟ ತೆರೆಯುವ ಅಗತ್ಯ ಯಾರಿಗೂ ಇಲ್ಲ. ಫೈಬರ್ ಡಬ್ಬಿಯಲ್ಲಿ "ಟಿಆರ್-069" ಅಂತ ಒಂದು ಸಾಲು ಕಾಣಿಸಬಹುದು. ಅದು ಕಂಪನಿಯವರು ದೂರದಿಂದಲೇ ಡಬ್ಬಿ ಸರಿಮಾಡುವ ವ್ಯವಸ್ಥೆ, ಅದನ್ನು ಮುಟ್ಟಬೇಡಿ.

ಆಮೇಲೆ ಫರ್ಮ್‌ವೇರ್, ಅಂದರೆ ರೌಟರ್ ಒಳಗಿನ ಸಾಫ್ಟ್‌ವೇರ್ ಅಪ್‌ಡೇಟ್. ನಿಮ್ಮ ಸ್ವಂತ ರೌಟರ್‌ಗೆ ಮಾತ್ರ ಮಾಡಿ, ಫೈಬರ್ ಡಬ್ಬಿಯದ್ದನ್ನು ಕಂಪನಿಯವರೇ ನೋಡಿಕೊಳ್ಳುತ್ತಾರೆ. ಅಪ್‌ಡೇಟ್ ನಡೆಯುವಾಗ ಮಧ್ಯದಲ್ಲಿ ಕರೆಂಟ್ ಹೋದರೆ ರೌಟರ್ ಮತ್ತೆ ಏಳದೇ ಇರಬಹುದು. ಯುಪಿಎಸ್ ಮೇಲಿದ್ದಾಗ ಮಾತ್ರ ಈ ಕೆಲಸಕ್ಕೆ ಕೈ ಹಾಕಿ. ಮೋಡ ಕಟ್ಟಿದ ಸಂಜೆ ಬೇಡವೇ ಬೇಡ.

ಎರಡು ಡಬ್ಬಿ, ಒಬ್ಬನೇ ಯಜಮಾನ

ಮನೆಯ ಪ್ರತಿ ಫೋನು, ಟಿವಿ, ಕ್ಯಾಮೆರಾಗೂ ಒಂದೊಂದು ಐಪಿ ವಿಳಾಸ ಬೇಕು. ಅದನ್ನು ಹಂಚುವ ಕೆಲಸದ ಹೆಸರು ಡಿಎಚ್‌ಸಿಪಿ. ಒಳಗಿನ ಆ ಎಲ್ಲಾ ವಿಳಾಸಗಳನ್ನು ಹೊರಗಿನ ಒಂದೇ ವಿಳಾಸದ ಹಿಂದೆ ನಿಲ್ಲಿಸುವ ಕೆಲಸದ ಹೆಸರು ನ್ಯಾಟ್. ಕೇಬಲ್‌ನವರ ಡಬ್ಬಿ ಈ ಎರಡನ್ನೂ ಮಾಡುತ್ತದೆ. ಅದರ ಲ್ಯಾನ್ ಪೋರ್ಟಿನಿಂದ ನಿಮ್ಮ ರೌಟರ್‌ನ ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಬರುವ ಪೋರ್ಟ್, ಹೆಚ್ಚಾಗಿ ನೀಲಿ ಬಣ್ಣ) ಕೇಬಲ್ ಸಿಕ್ಕಿಸಿದಿರಾ? ಅದೂ ಈ ಎರಡನ್ನೂ ಮಾಡಲು ಶುರು ಮಾಡುತ್ತದೆ. ಈಗ ಮನೆಯಲ್ಲಿ ಎರಡು ಬೇರೆ ಬೇರೆ ನೆಟ್‌ವರ್ಕ್.

ಹೀಗಾಗಿದೆಯಾ ಅಂತ ತಿಳಿಯುವುದು ಸುಲಭ. ಎರಡನೇ ರೌಟರ್‌ನ ಸ್ಟೇಟಸ್ ಪುಟದಲ್ಲಿ "ವ್ಯಾನ್ ಐಪಿ" ನೋಡಿ. ಅದು 192.168 ಅಂತ ಶುರುವಾದರೆ ಡಬಲ್ ನ್ಯಾಟ್ ಆಗಿದೆ. ಬರೀ ಯೂಟ್ಯೂಬ್, ವಾಟ್ಸ್ಆ್ಯಪ್‌ಗೆ ಇದರಿಂದ ಏನೂ ಆಗುವುದಿಲ್ಲ. ಅಷ್ಟೇ ಬಳಸುವವರು ಸುಮ್ನೆ ಹಾಗೇ ಬಿಡಬಹುದು. ಪ್ರಿಂಟರ್, ಕ್ಯಾಮೆರಾ, ಗೇಮ್, ಆಫೀಸ್ ವಿಪಿಎನ್ (ಹೊರಗಿನಿಂದ ಆಫೀಸಿನ ನೆಟ್‌ವರ್ಕಿಗೆ ಹೋಗುವ ಸುರಕ್ಷಿತ ದಾರಿ) ಇದ್ದವರಿಗೆ ಸರಿ ಮಾಡಿಕೊಳ್ಳುವುದು ಒಳ್ಳೆಯದು. ಅದಕ್ಕೆ ಎರಡು ದಾರಿಗಳಿವೆ.

ಮೊದಲ ದಾರಿಯೇ ಹೆಚ್ಚಿನ ಮನೆಗಳಿಗೆ ಸಾಕು: ಫೈಬರ್ ಡಬ್ಬಿ ಯಜಮಾನನಾಗಿರಲಿ, ನಿಮ್ಮ ರೌಟರ್ ಬರೀ ವೈಫೈ ಕೊಡಲಿ. ಇದಕ್ಕೆ ಆ್ಯಕ್ಸೆಸ್ ಪಾಯಿಂಟ್ ಮೋಡ್ ಅನ್ನುತ್ತಾರೆ. ಈಚಿನ ರೌಟರ್‌ಗಳಲ್ಲಿ "ಆಪರೇಷನ್ ಮೋಡ್" ಅಂತ ಇರುತ್ತದೆ, ಅದರಲ್ಲಿ ಆರಿಸಿ ಸೇವ್ ಒತ್ತಿದರೆ ಮುಗಿಯಿತು. ಹಳೇ ರೌಟರ್‌ನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಕೈಯಲ್ಲೇ ಮಾಡಬೇಕು. ಇಲ್ಲಿ ಕ್ರಮ ತಪ್ಪಬಾರದು:

1. ಎರಡನೇ ರೌಟರನ್ನು ಫೈಬರ್ ಡಬ್ಬಿಯಿಂದ ಪೂರ್ತಿ ಬಿಡಿಸಿ. ಲ್ಯಾಪ್‌ಟಾಪನ್ನು ಅದರ ಲ್ಯಾನ್ ಪೋರ್ಟಿಗೆ ಸಿಕ್ಕಿಸಿ ಒಳಗೆ ಹೋಗಿ.

2. ವೈಫೈ ಹೆಸರು ಮತ್ತು ಪಾಸ್‌ವರ್ಡ್ ಫೈಬರ್ ಡಬ್ಬಿಯಲ್ಲಿ ಇರುವಂತೆಯೇ ಇಡಿ. ಚಾನೆಲ್ (ವೈಫೈ ಹಾಯುವ ಹಾದಿಯ ನಂಬರ್, ಮುಂದೆ ಹೇಳುತ್ತೇನೆ) ಮಾತ್ರ ಬೇರೆ ಇರಲಿ. ಆಗ ಮೆಟ್ಟಿಲು ಹತ್ತುವಾಗ ಫೋನು ತಾನೇ ಹತ್ತಿರದ ಡಬ್ಬಿಗೆ ಬದಲಾಗುತ್ತದೆ.

3. ಲ್ಯಾನ್ ಸೆಟ್ಟಿಂಗ್ಸ್‌ನಲ್ಲಿ ಐಪಿ ವಿಳಾಸವನ್ನು 192.168.1.2 ಮಾಡಿ. ಫೈಬರ್ ಡಬ್ಬಿ 192.168.1.1 ಇದೆ ಅಂತಿಟ್ಟುಕೊಂಡು ಹೇಳುತ್ತಿದ್ದೇನೆ. ಅದು 192.168.29.1 ಆಗಿದ್ದರೆ ಇದು 192.168.29.2. ಚುಕ್ಕೆಗಳ ನಡುವಿನ ನಾಲ್ಕು ಸಂಖ್ಯೆಗಳಲ್ಲಿ ಮೊದಲ ಮೂರು ಒಂದೇ ಇರಬೇಕು, ಕೊನೆಯದು ಬೇರೆ ಇರಬೇಕು. ಸಬ್‌ನೆಟ್ ಮಾಸ್ಕ್ 255.255.255.0 ಹಾಗೇ ಇರಲಿ.

4. ರೌಟರ್ ರೀಸ್ಟಾರ್ಟ್ ಆಗುತ್ತದೆ. ಹೊಸ ವಿಳಾಸ ಹಾಕಿ ಮತ್ತೆ ಒಳಗೆ ಬನ್ನಿ. ಈಗ ಡಿಎಚ್‌ಸಿಪಿ ಆಫ್ ಮಾಡಿ, ಸೇವ್ ಮಾಡಿ.

5. ಫೈಬರ್ ಡಬ್ಬಿಯ ಲ್ಯಾನ್ ಪೋರ್ಟಿನಿಂದ ಬಂದ ಕೇಬಲನ್ನು ಎರಡನೇ ರೌಟರ್‌ನ ಲ್ಯಾನ್ ಪೋರ್ಟಿಗೆ ಹಾಕಿ. ವ್ಯಾನ್ ಪೋರ್ಟ್ ಖಾಲಿ ಇರಲಿ.

ನಾಲ್ಕನೇ ಹೆಜ್ಜೆ ಮುಗಿದಾಗ ಲ್ಯಾಪ್‌ಟಾಪಿನಲ್ಲಿ 169.254 ಅಂತ ಶುರುವಾಗುವ ವಿಳಾಸ ಬಂದು ಎಲ್ಲಾ ನಿಂತುಹೋದಂತೆ ಕಾಣುತ್ತದೆ. ವಿಳಾಸ ಕೊಡುವವರು ಯಾರೂ ಇಲ್ಲ ಅಂತ ಅದರರ್ಥ. ಐದನೇ ಹೆಜ್ಜೆ ಆದ ಮೇಲೆ ಫೈಬರ್ ಡಬ್ಬಿಯಿಂದ ಹೊಸ ವಿಳಾಸ ಬಂದು ಸರಿಯಾಗುತ್ತದೆ. ಬರದಿದ್ದರೆ ಕೇಬಲ್ ಒಮ್ಮೆ ತೆಗೆದು ಹಾಕಿ.

ಕೊನೆಗೆ ಫೈಬರ್ ಡಬ್ಬಿಯೊಳಗೆ ಹೋಗಿ, ಡಿಎಚ್‌ಸಿಪಿ ಹಂಚುವ ವಿಳಾಸಗಳ ಮಿತಿಯನ್ನು 192.168.1.100ರಿಂದ 192.168.1.200 ಅಂತ ಮಾಡಿ. ಇಲ್ಲದಿದ್ದರೆ ಯಾವತ್ತಾದರೂ ಅದು ಕೊನೆಯಲ್ಲಿ 2 ಇರುವ ವಿಳಾಸವನ್ನು ಯಾವುದೋ ಫೋನಿಗೆ ಕೊಟ್ಟು ಗೋಜಲು ಮಾಡಿಬಿಡುತ್ತದೆ.

ಎರಡನೇ ದಾರಿ ಬ್ರಿಡ್ಜ್ ಮೋಡ್. ಇಲ್ಲಿ ಫೈಬರ್ ಡಬ್ಬಿ ಬರೀ ಬೆಳಕನ್ನು ತಂತಿಗೆ ಇಳಿಸಿ ಕೊಡುತ್ತದೆ, ನಿಮ್ಮ ರೌಟರ್ ಯಜಮಾನ. ನೀವು ದುಡ್ಡು ಹಾಕಿ ಒಳ್ಳೆಯ ರೌಟರ್ ತಂದಿದ್ದರೆ ಇದೇ ಸರಿ. ಆದರೆ ಇದನ್ನು ಕೇಬಲ್‌ನವರ ಕೈಯಲ್ಲೇ ಮಾಡಿಸಿ. ಆಮೇಲೆ ನಿಮ್ಮ ರೌಟರ್‌ನ ವ್ಯಾನ್ ಪುಟದಲ್ಲಿ "ಪಿಪಿಪಿಒಇ" ಆರಿಸಿ, ಬರೆದಿಟ್ಟುಕೊಂಡ ಯೂಸರ್ ನೇಮ್, ಪಾಸ್‌ವರ್ಡ್ ತುಂಬಿ, ವಿಲ್ಯಾನ್ ಐಡಿ ಕೇಳಿದರೆ ಹಾಕಿ. ಎಂಟಿಯು, ಅಂದರೆ ಒಂದು ಸಲಕ್ಕೆ ಕಳಿಸುವ ತುಣುಕಿನ ಗರಿಷ್ಠ ಗಾತ್ರ, 1492 ಇರಲಿ. ಸಾಮಾನ್ಯ ಮಿತಿ 1500, ಅದರಲ್ಲಿ 8 ಬೈಟ್ ಪಿಪಿಪಿಒಇ ತನಗೇ ಇಟ್ಟುಕೊಳ್ಳುತ್ತದೆ. ಈ ಅಂಕಿ ತಪ್ಪಿದ್ದರೆ ಗೂಗಲ್ ತೆರೆದು ಬ್ಯಾಂಕಿನ ಸೈಟ್ ಮಾತ್ರ ಅರ್ಧಕ್ಕೆ ನಿಲ್ಲುವಂಥ ವಿಚಿತ್ರ ತೊಂದರೆ ಬರುತ್ತದೆ. ಫೈಬರ್ ಡಬ್ಬಿಗೆ ಲ್ಯಾಂಡ್‌ಲೈನ್ ಫೋನ್ ಸಿಕ್ಕಿಸಿದ್ದರೆ, ಬ್ರಿಡ್ಜ್ ಆದ ಮೇಲೆ ಅದು ನಡೆಯುತ್ತದಾ ಅಂತ ಮುಂಚೆಯೇ ಕೇಳಿಕೊಳ್ಳಿ.

ವೈಫೈ: ಚಾನೆಲ್, ಅಗಲ, ಗೋಡೆ

ವೈಫೈ ಸಾಮಾನ್ಯವಾಗಿ ಎರಡು ರೇಡಿಯೋ ಪಟ್ಟಿಗಳಲ್ಲಿ ಬರುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಆದರೆ ಅಲ್ಲಿ ಗದ್ದಲ ಜಾಸ್ತಿ. 5 ಗಿಗಾಹರ್ಟ್ಸ್ ವೇಗವಾಗಿದೆ, ಆದರೆ ಒಂದು ಗೋಡೆ ದಾಟುವುದರಲ್ಲೇ ಸುಸ್ತಾಗುತ್ತದೆ. ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತಲಿನ ಬಡಾವಣೆಗಳಲ್ಲಿ ಬಾಡಿಗೆ ಮನೆ, ಪಿಜಿ ಒತ್ತೊತ್ತಾಗಿವೆ. ಅಲ್ಲಿ ಫೋನಿನಲ್ಲಿ ವೈಫೈ ಪಟ್ಟಿ ತೆರೆದರೆ ಅಕ್ಕಪಕ್ಕದವರ ಹೆಸರುಗಳೇ ಪುಟ ತುಂಬಿರುತ್ತವೆ.

2.4ರಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್‌ಗಳಿದ್ದರೂ ಒಂದರ ಮೇಲೊಂದು ಬೀಳದೆ ಕೆಲಸ ಮಾಡಲು ಸಾಮಾನ್ಯವಾಗಿ ಬಳಸುವ ಜೋಡಣೆ 1, 6, 11. ಆಂಡ್ರಾಯ್ಡ್ ಫೋನಿಗೆ ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು, ರಾತ್ರಿ ಎಂಟು ಒಂಬತ್ತರ ಹೊತ್ತಿಗೆ, ಅಂದರೆ ಎಲ್ಲರೂ ಮನೆಯಲ್ಲಿದ್ದಾಗ ನೋಡಿ. ಮೂರರಲ್ಲಿ ಯಾವುದರ ಮೇಲೆ ಗದ್ದಲ ಕಡಿಮೆಯೋ ಅದನ್ನು ಹಾಕಿ. 3, 4, 8, 9 ಅಂತ ನಡುವಿನದ್ದು ಹಾಕಿದರೆ ಎರಡೂ ಕಡೆಯವರ ಗದ್ದಲ ನಿಮಗೆ, ನಿಮ್ಮ ಗದ್ದಲ ಅವರಿಗೆ. "ಚಾನೆಲ್ ವಿಡ್ತ್" 20 ಇರಲಿ. 40 ಹಾಕಿದರೆ ವೇಗ ಎರಡರಷ್ಟಾಗುತ್ತದೆ ಅಂತ ಆಸೆ ಹುಟ್ಟುತ್ತದೆ, ಆದರೆ ಜನ ತುಂಬಿದ ಬೀದಿಯಲ್ಲಿ ಸಾಮಾನ್ಯವಾಗಿ ಇರುವುದೂ ಹೋಗುತ್ತದೆ.

5ರಲ್ಲಿ ಧಾರಾಳ ಜಾಗವಿದೆ. ವಿಡ್ತ್ 80 ಹಾಕಿ. ಚಾನೆಲ್ 36ರಿಂದ 48, ಇಲ್ಲವೇ 149ರಿಂದ 161ರಲ್ಲಿ ಯಾವುದಾದರೂ ಇರಲಿ. 52ರಿಂದ 144ರವರೆಗಿನವು ರೇಡಾರ್ ಜೊತೆ ಹಂಚಿಕೊಂಡ ಚಾನೆಲ್‌ಗಳು. ರೇಡಾರ್ ಇದೆ ಅಂತ ಅನಿಸಿದರೆ ರೌಟರ್ ತಕ್ಷಣ ಆ ಚಾನೆಲ್ ಬಿಟ್ಟು ಓಡಬೇಕು, ಅದು ನಿಯಮ. ಆಗ ನಿಮ್ಮ ಮೀಟಿಂಗ್ ಕಟ್ ಆಗುತ್ತದೆ. "ರೀಜನ್" ಅಂತ ಕೇಳಿದರೆ ಭಾರತ ಅಂತಲೇ ಇಡಿ.

ಸೆಕ್ಯುರಿಟಿಯಲ್ಲಿ "ಡಬ್ಲ್ಯೂಪಿಎ2, ಎಇಎಸ್" ಕಡ್ಡಾಯ. "ಡಬ್ಲ್ಯೂಪಿಎ2, ಡಬ್ಲ್ಯೂಪಿಎ3 ಮಿಶ್ರ" ಇದ್ದರೆ ಅದನ್ನು ಹಾಕಿ ನೋಡಿ. ಹಳೇ ಪ್ರಿಂಟರ್ ಅಥವಾ ಸ್ಮಾರ್ಟ್ ಬಲ್ಬ್ ಬಿಟ್ಟುಹೋದರೆ ಮತ್ತೆ 2ಕ್ಕೆ ಬನ್ನಿ. ಡಬ್ಲ್ಯೂಪಿಎಸ್, ಅಂದರೆ ಬಟನ್ ಅಥವಾ ಎಂಟಂಕಿಯ ಪಿನ್‌ನಿಂದ ಜೋಡಿಸುವ ಸೌಲಭ್ಯ, ಆಫ್ ಮಾಡಿ. ಅದರ ಪಿನ್ ಮುರಿಯುವುದು ಸುಲಭ ಅಂತ 2011ರಲ್ಲೇ ಬಯಲಾಯಿತು. ವೈಫೈ ಹೆಸರು ಅಡಗಿಸುವುದು, ಮ್ಯಾಕ್ ಫಿಲ್ಟರ್ ಹಾಕುವುದು (ಪ್ರತಿ ಸಾಧನಕ್ಕಿರುವ ಮ್ಯಾಕ್ ವಿಳಾಸ ಅನ್ನೋ ಗುರುತಿನ ಸಂಖ್ಯೆ ನೋಡಿ ಒಳಗೆ ಬಿಡುವುದು) ಇವೆರಡೂ ನನ್ನ ಪ್ರಕಾರ ದಂಡ. ಅಡಗಿಸಿದ ಹೆಸರನ್ನು ಅದಕ್ಕೆಂದೇ ಇರುವ ಸಾಫ್ಟ್‌ವೇರ್‌ಗಳು ಹುಡುಕಿಬಿಡುತ್ತವೆ. ಮ್ಯಾಕ್ ವಿಳಾಸವನ್ನಂತೂ ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದೀಚೆಗೆ ಫೋನುಗಳೇ ಬದಲಿಸಿ ತೋರಿಸುತ್ತವೆ.

ಇಷ್ಟೆಲ್ಲ ಮಾಡಿಯೂ ಒಂದು ಕೋಣೆಗೆ ಸಿಗ್ನಲ್ ಬರದಿದ್ದರೆ, ಡಬ್ಬಿ ಇಟ್ಟ ಜಾಗ ನೋಡಿ. ಫೈಬರ್ ಮನೆಯೊಳಗೆ ಬಂದ ಮೂಲೆಯಲ್ಲೇ, ಟಿವಿಯ ಹಿಂದೆ, ಕಬ್ಬಿಣದ ಬೀರು ಪಕ್ಕ, ನೆಲದಿಂದ ಒಂದಡಿ ಎತ್ತರದಲ್ಲಿ ಇಟ್ಟಿರುತ್ತಾರೆ. ಹಳೇ ಮನೆಗಳ ಕಲ್ಲಿನ ಗೋಡೆ, ಮೋಲ್ಡಿಂಗ್‌ನ ಕಬ್ಬಿಣ, ನೀರು ತುಂಬಿದ ಟ್ಯಾಂಕ್ ಇವು ಮೂರೂ ಸಿಗ್ನಲ್ ನುಂಗುತ್ತವೆ. ಮೆಟ್ಟಿಲ ಪಕ್ಕ, ತಲೆಯ ಎತ್ತರದಲ್ಲಿ ಇಟ್ಟರೆ ಮೇಲಕ್ಕೂ ಕೆಳಕ್ಕೂ ಹಾದಿ ಸಿಗುತ್ತದೆ. ಮಹಡಿಗೆ ಎರಡನೇ ಡಬ್ಬಿ ಇಡುವುದಾದರೆ ಲ್ಯಾನ್ ಕೇಬಲ್ ಎಳೆದೇ ಇಡಿ. ಗೋಡೆಯ ಸಾಕೆಟ್‌ಗೆ ಸಿಕ್ಕಿಸುವ ಅಗ್ಗದ ರಿಪೀಟರ್‌ಗಳು ಅದೇ ಗಾಳಿಯಲ್ಲಿ ಕೇಳಿ ಅದೇ ಗಾಳಿಯಲ್ಲಿ ಹೇಳುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ.

ಕ್ಯಾಮೆರಾ, ಡಿವಿಆರ್, ಪ್ರಿಂಟರ್‌ಗೆ ಕಾಯಂ ವಿಳಾಸ

ಕರೆಂಟ್ ಹೋಗಿ ಬಂದಾಗಲೆಲ್ಲ ಪ್ರಿಂಟರ್ "ಆಫ್‌ಲೈನ್" ಅಂತ ತೋರಿಸುತ್ತದಾ? ಅದಕ್ಕೆ ಹೊಸ ವಿಳಾಸ ಸಿಕ್ಕಿರುತ್ತದೆ, ಲ್ಯಾಪ್‌ಟಾಪ್ ಹಳೆಯದನ್ನೇ ಹುಡುಕುತ್ತಿರುತ್ತದೆ. ಯಜಮಾನ ಡಬ್ಬಿಯ ಡಿಎಚ್‌ಸಿಪಿ ಪುಟದಲ್ಲಿ "ಅಡ್ರೆಸ್ ರಿಸರ್ವೇಷನ್" ಅಂತ ಇರುತ್ತದೆ. ಅಲ್ಲಿ ಪ್ರಿಂಟರ್‌ನ ಮ್ಯಾಕ್ ವಿಳಾಸ ಆರಿಸಿ, 192.168.1.110 ಅಂತ ಬರೆದು ಸೇವ್ ಮಾಡಿ. ಡಿವಿಆರ್‌ಗೆ 111, ಗೇಟಿನ ಕ್ಯಾಮೆರಾಗೆ 112. ಪ್ರಿಂಟರ್ ಒಳಗೇ ಹೋಗಿ ಕಾಯಂ ವಿಳಾಸ ಬರೆಯುವುದಕ್ಕಿಂತ ಇದು ಮೇಲು, ಎಲ್ಲಾ ಲೆಕ್ಕ ಒಂದೇ ಕಡೆ ಇರುತ್ತದೆ.

ಡಿಎನ್ಎಸ್

ಸೈಟಿನ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್ಎಸ್. ಇದರ ಬಗ್ಗೆ ಬೇಕಾದ್ದಕ್ಕಿಂತ ಜಾಸ್ತಿ ಮಾತು ಕೇಳುತ್ತೀರಿ. ಡಿಎನ್ಎಸ್ ಬದಲಿಸಿದರೆ ಡೌನ್‌ಲೋಡ್ ಸ್ಪೀಡ್ ಹೆಚ್ಚುವುದಿಲ್ಲ. ಪುಟ ತೆರೆಯಲು ಶುರುವಾಗುವ ಮುಂಚಿನ ತಡ ಕಡಿಮೆಯಾಗಬಹುದು, ಅಷ್ಟೇ. ಕೇಬಲ್‌ನವರ ಡಿಎನ್ಎಸ್ ಆಗಾಗ ಕೈಕೊಡುತ್ತಿದ್ದರೆ ಡಿಎಚ್‌ಸಿಪಿ ಪುಟದಲ್ಲಿ ಮೊದಲನೆಯದಕ್ಕೆ ಕ್ಲೌಡ್‌ಫ್ಲೇರ್‌ನ 1.1.1.1, ಎರಡನೆಯದಕ್ಕೆ ಗೂಗಲ್‌ನ 8.8.8.8 ಹಾಕಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ 1.1.1.3 ಮತ್ತು 1.0.0.3 ಹಾಕಿ. ವೈರಸ್ ಸೈಟುಗಳ ಜೊತೆಗೆ ಅಶ್ಲೀಲ ಸೈಟುಗಳನ್ನೂ ಅದು ತಡೆಯುತ್ತದೆ. ಎರಡನೇ ಸಾಲಿನಲ್ಲಿ 8.8.8.8 ಬಿಟ್ಟರೆ ಈ ತಡೆ ಸೋರುತ್ತದೆ, ಎರಡೂ ಇದೇ ಜೋಡಿ ಇರಲಿ. ಫೋನಿನಲ್ಲಿ "ಪ್ರೈವೇಟ್ ಡಿಎನ್ಎಸ್" ಬದಲಿಸಿದರೆ ಇದನ್ನು ದಾಟಿ ಹೋಗಬಹುದು. ಹೈಸ್ಕೂಲ್ ಮಕ್ಕಳಿಗೆ ಅದು ಗೊತ್ತಿರುತ್ತದೆ ಬಿಡಿ.

ಬಾಡಿಗೆಯವರಿಗೆ ವೈಫೈ ಕೊಡುವುದಾದರೆ

"ಅಂಕಲ್, ಎಕ್ಸಾಮ್ ಇದೆ, ಪಾಸ್‌ವರ್ಡ್ ಕೊಡ್ತೀರಾ?" ಅಂತ ಮಹಡಿಯ ಹುಡುಗರು ಕೇಳಿದರೆ ಇಲ್ಲ ಅನ್ನೋದು ಕಷ್ಟ ಅಲ್ವಾ? ಕೊಡಿ, ಆದರೆ ಗೆಸ್ಟ್ ನೆಟ್‌ವರ್ಕ್ ಮಾಡಿ ಕೊಡಿ. ಗೆಸ್ಟ್ ಪುಟದಲ್ಲಿ ಹೊಸ ಹೆಸರು, ಬೇರೆ ಪಾಸ್‌ವರ್ಡ್ ಇಟ್ಟು, "ಒಳಗಿನ ನೆಟ್‌ವರ್ಕ್ ನೋಡಲು ಅನುಮತಿ" ಅನ್ನೋದನ್ನು ಆಫ್ ಮಾಡಿ. ಆಗ ಅವರಿಗೆ ಇಂಟರ್ನೆಟ್ ಸಿಗುತ್ತದೆ, ನಿಮ್ಮ ಡಿವಿಆರ್ ಸಿಗುವುದಿಲ್ಲ. ಒಂದು ಎಚ್ಚರಿಕೆ: ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿದ ಎಷ್ಟೋ ರೌಟರ್‌ಗಳಲ್ಲಿ ಈ ಬೇಲಿ ನಿಲ್ಲುವುದಿಲ್ಲ. ಹಾಗಾಗಿ ಗೆಸ್ಟ್ ನೆಟ್‌ವರ್ಕನ್ನು ಯಜಮಾನ ಡಬ್ಬಿಯಲ್ಲೇ ಮಾಡಿ. ಮಾಡಿದ ಮೇಲೆ ಗೆಸ್ಟ್ ವೈಫೈಗೆ ನಿಮ್ಮ ಫೋನ್ ಜೋಡಿಸಿ, ಪ್ರಿಂಟರ್‌ನ 192.168.1.110 ತೆರೆಯುತ್ತದಾ ಪರೀಕ್ಷಿಸಿ. ತೆರೆಯಬಾರದು.

ಕನೆಕ್ಷನ್ ನಿಮ್ಮ ಹೆಸರಿನಲ್ಲಿದೆ ಅನ್ನೋದೂ ನೆನಪಿರಲಿ. ಅದರಿಂದ ಯಾರು ಏನು ಮಾಡಿದರೂ ವಿಚಾರಿಸಿಕೊಂಡು ಬರುವವರು ಮೊದಲು ನಿಮ್ಮ ಬಾಗಿಲಿಗೇ ಬರುತ್ತಾರೆ. ಗೊತ್ತಿರುವವರಿಗೆ ಮಾತ್ರ ಕೊಡಿ. ಮನೆ ಖಾಲಿ ಮಾಡಿದಾಗ ಆ ಪಾಸ್‌ವರ್ಡ್ ಬದಲಿಸಿ.

ತೋಟದ ಕ್ಯಾಮೆರಾ ಮತ್ತು ಪೋರ್ಟ್ ಫಾರ್ವರ್ಡಿಂಗ್

ಗುಬ್ಬಿ, ತಿಪಟೂರು ಕಡೆ ತೆಂಗು ಅಡಿಕೆ ತೋಟ ಇಟ್ಟುಕೊಂಡು ತುಮಕೂರಿನಲ್ಲಿ ಮನೆ ಮಾಡಿರುವವರು ಬಹಳ. ಪಂಪ್‌ಸೆಟ್ ಮನೆ ಹತ್ತಿರ, ಕಾಯಿ ರಾಶಿ ಹಾಕುವ ಕಡೆ ಕ್ಯಾಮೆರಾ ಹಾಕಿಸುತ್ತಾರೆ. ಅದನ್ನು ಇಲ್ಲಿ ಕೂತು ನೋಡಬೇಕು. ಹಳೇ ವಿಡಿಯೋಗಳಲ್ಲಿ ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಮಾಡಿ ಅಂತ ಹೇಳಿರುತ್ತಾರೆ: ಹೊರಗಿನಿಂದ ಇಂಥ ಪೋರ್ಟಿಗೆ (ಇದು ಕೇಬಲ್ ಸಿಕ್ಕಿಸುವ ಪೋರ್ಟ್ ಅಲ್ಲ, ಬಾಗಿಲಿನಂಥ ಒಂದು ನಂಬರ್) ಬಂದದ್ದನ್ನು ಒಳಗಿನ ಇಂಥ ವಿಳಾಸಕ್ಕೆ ಕಳಿಸು ಅಂತ ರೌಟರ್‌ಗೆ ಬರೆದುಕೊಡುವುದು. ಎಲ್ಲಾ ಸರಿಯಾಗಿ ತುಂಬಿದರೂ ಎಷ್ಟೋ ಕಡೆ ನಡೆಯುವುದಿಲ್ಲ. ಕಾರಣ ಇಷ್ಟೇ: ಅಂಥ ಕನೆಕ್ಷನ್‌ಗೆ ಸ್ವಂತ ಹೊರಗಿನ ವಿಳಾಸವೇ ಇರುವುದಿಲ್ಲ.

ಪರೀಕ್ಷೆ ಹೀಗೆ. ಕ್ಯಾಮೆರಾ ಇರುವ ಕಡೆಯ ಯಜಮಾನ ಡಬ್ಬಿಯ ವ್ಯಾನ್ ಐಪಿ ನೋಡಿ. ಆಮೇಲೆ ಅದೇ ವೈಫೈನಲ್ಲಿ ಗೂಗಲ್‌ಗೆ "ನನ್ನ ಐಪಿ ಯಾವುದು" ಅಂತ ಕೇಳಿ, ತೋರಿಸುವ ಸೈಟಿನಲ್ಲಿ ನೋಡಿ. ಎರಡೂ ಒಂದೇ ಇದ್ದರೆ ಸ್ವಂತ ವಿಳಾಸ. ವ್ಯಾನ್ ಐಪಿ 100.64ರಿಂದ 100.127ರ ನಡುವೆ, ಅಥವಾ 10 ಅಂತ ಶುರುವಾದರೆ ಕಂಪನಿಯವರು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಜಗತ್ತಿನಲ್ಲಿ ಹಳೇ ಮಾದರಿಯ ಐಪಿ ವಿಳಾಸಗಳು ಮುಗಿದಿರುವುದರಿಂದ ಹೀಗೆ. ಈ ಸ್ಥಿತಿಯಲ್ಲಿ ನಿಮ್ಮ ರೌಟರ್‌ನಲ್ಲಿ ಏನು ಬರೆದರೂ ಹೊರಗಿನವರು ಅಲ್ಲಿಯವರೆಗೆ ಬರುವುದೇ ಇಲ್ಲ.

ಆಗ ಉಳಿಯುವ ದಾರಿಗಳು: ಕ್ಯಾಮೆರಾ ಕಂಪನಿಯ ಸ್ವಂತ ಆ್ಯಪ್‌ನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ನೋಡುವುದು, ಕೇಬಲ್‌ನವರಿಗೆ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ (ಬದಲಾಗದ ಸ್ವಂತ ವಿಳಾಸ) ತೆಗೆದುಕೊಳ್ಳುವುದು, ಇಲ್ಲವೇ ಟೇಲ್‌ಸ್ಕೇಲ್‌ನಂಥ ವಿಪಿಎನ್ ಹಾಕುವುದು. ಹೆಚ್ಚಿನವರಿಗೆ ಮೊದಲನೆಯದು ಸಾಕು. ಸ್ಟ್ಯಾಟಿಕ್ ಐಪಿ ಇದ್ದರೂ ಡಿವಿಆರ್‌ನ ಪೋರ್ಟನ್ನು ನೇರ ಹೊರಗೆ ಬಿಡುವುದು ನನಗೆ ಇಷ್ಟವಿಲ್ಲ. ಇಂಟರ್ನೆಟ್ಟಿನಲ್ಲಿ ತೆರೆದ ಪೋರ್ಟ್ ಹುಡುಕುವ ಯಂತ್ರಗಳು ಹಗಲೂ ರಾತ್ರಿ ತಿರುಗುತ್ತಿರುತ್ತವೆ. ರೌಟರ್‌ನಲ್ಲೇ ವಿಪಿಎನ್ ಸರ್ವರ್ ಇದ್ದರೆ ಅದನ್ನು ಆನ್ ಮಾಡಿ ಅದರ ಮೂಲಕ ಒಳಗೆ ಬನ್ನಿ.

ಅದೇ ಮೆನುವಿನಲ್ಲಿ "ಡಿಎಂಜೆಡ್" ಇರುತ್ತದೆ. ಅದು ಎಲ್ಲಾ ಪೋರ್ಟುಗಳನ್ನೂ ಒಂದೇ ಸಾಧನಕ್ಕೆ ತೆರೆದುಬಿಡುತ್ತದೆ. ಯಾರು ಹೇಳಿದರೂ ಹಾಕಬೇಡಿ. "ಯುಪಿಎನ್‌ಪಿ" ಇದ್ದರೆ ಒಳಗಿನ ಯಾವ ಸಾಧನ ಬೇಕಾದರೂ ನಿಮ್ಮನ್ನು ಕೇಳದೆ ಪೋರ್ಟ್ ತೆರೆಸಿಕೊಳ್ಳುತ್ತದೆ. ಮನೆಯಲ್ಲಿ ಆನ್‌ಲೈನ್ ಗೇಮ್ ಆಡುವವರಿಲ್ಲದಿದ್ದರೆ ಆಫ್ ಮಾಡಿ. ಐಪಿವಿ6 (ಹೊಸ ಮಾದರಿಯ ಐಪಿ ವಿಳಾಸ) ಆನ್ ಇದ್ದರೆ ಇರಲಿ, ಹೊರಗಿನವರನ್ನು ತಡೆಯುವ ಅದರ ಫೈರ್‌ವಾಲ್ ಆನ್ ಇದೆಯಾ ಅಷ್ಟು ನೋಡಿ.

ಮೀಟಿಂಗ್ ನಡೆಯುವಾಗ ಯಾರೋ ವಿಡಿಯೋ ಅಪ್‌ಲೋಡ್ ಮಾಡಿದರೆ

ಬೆಂಗಳೂರಿನ ಕೆಲಸವನ್ನು ಇಲ್ಲೇ ಕೂತು ಮಾಡುವವರಿಗೆ ಇದು ದಿನದ ಗೋಳು. ಸ್ಪೀಡ್ ಟೆಸ್ಟ್ ಚೆನ್ನಾಗೇ ಬರುತ್ತದೆ, ಆದರೆ ಮಗಳ ಫೋನು ಮದುವೆ ವಿಡಿಯೋಗಳನ್ನು ಕ್ಲೌಡ್‌ಗೆ ಏರಿಸಲು ಶುರು ಮಾಡಿದಾಗ ನಿಮ್ಮ ಮಾತು ತುಂಡುತುಂಡಾಗುತ್ತದೆ. ದೊಡ್ಡ ಫೈಲಿನ ತುಣುಕುಗಳು ರೌಟರ್‌ನಲ್ಲಿ ಸಾಲುಗಟ್ಟಿ ನಿಂತು, ನಿಮ್ಮ ಧ್ವನಿಯ ಚಿಕ್ಕ ತುಣುಕು ಅವುಗಳ ಹಿಂದೆ ಕಾಯಬೇಕಾಗುತ್ತದೆ.

ಯಜಮಾನ ಡಬ್ಬಿಯಲ್ಲಿ "ಕ್ಯೂಒಎಸ್", ಅಂದರೆ ಯಾವುದಕ್ಕೆ ಮೊದಲು ದಾರಿ ಬಿಡಬೇಕು ಅಂತ ಹೇಳುವ ಸೆಟ್ಟಿಂಗ್, ಇದ್ದರೆ ಆನ್ ಮಾಡಿ. ಒಟ್ಟು ವೇಗ ಕೇಳಿದಾಗ ಪ್ಲಾನಿನ ಅಂಕಿ ಬರೆಯಬೇಡಿ. ಸಂಜೆ ಹೊತ್ತು ಕೇಬಲ್ ಹಾಕಿ ಅಳೆದ ವೇಗದ ಶೇ. 85ರಿಂದ 90ರಷ್ಟು ಬರೆಯಿರಿ. ಅಳೆದದ್ದು 95 ಇದ್ದರೆ 85 ಹಾಕಿ, ಅಪ್‌ಲೋಡ್‌ಗೂ ಹಾಗೇ. ಸಾಲು ಆಗ ಕೇಬಲ್‌ನವರ ಕಡೆ ಬೆಳೆಯದೆ ನಿಮ್ಮ ರೌಟರ್‌ನ ಹಿಡಿತದಲ್ಲೇ ಇರುತ್ತದೆ. ಆಮೇಲೆ ಆಫೀಸ್ ಲ್ಯಾಪ್‌ಟಾಪನ್ನು "ಹೈ ಪ್ರಯಾರಿಟಿ" ಪಟ್ಟಿಗೆ ಸೇರಿಸಿ. ಸ್ಪೀಡ್ ಟೆಸ್ಟಿನಲ್ಲಿ ಹತ್ತು ಎಂಬಿಪಿಎಸ್ ಕಡಿಮೆ ಕಾಣುತ್ತದೆ. ಅದಕ್ಕೆ ಬೇಜಾರು ಬೇಡ, ಮಾತು ಕಡಿಯುವುದು ನಿಂತರೆ ಸಾಕಲ್ವಾ?

ಕರೆಂಟ್ ಮತ್ತು ಸಿಡಿಲು

ಬಹಳಷ್ಟು ರೌಟರ್‌ಗಳು 12 ವೋಲ್ಟ್ ಅಡಾಪ್ಟರ್ ಮೇಲೆ ನಡೆಯುತ್ತವೆ, ಅದಕ್ಕೆ ಚಿಕ್ಕ ಡಿಸಿ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮುಂಚೆ ಅಡಾಪ್ಟರ್ ಮೇಲಿನ ಸಣ್ಣ ಅಕ್ಷರ ಓದಿ. ವೋಲ್ಟ್ ಸರಿಯಾಗಿ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೋ ಅದಕ್ಕಿಂತ ಜಾಸ್ತಿಯೋ ಇರಬೇಕು. 9 ವೋಲ್ಟಿನ ರೌಟರ್‌ಗೆ 12ರದ್ದು ಸಿಕ್ಕಿಸಿದರೆ ಅದು ಸುಡಬಹುದು. ಎರಡು ಡಬ್ಬಿಗಳಿದ್ದರೆ ಎರಡಕ್ಕೂ ಬ್ಯಾಕಪ್ ಬೇಕು. ಫೈಬರ್ ಡಬ್ಬಿ ಆರಿದ ಮೇಲೆ ವೈಫೈ ಹೆಸರು ಕಂಡರೂ ಇಂಟರ್ನೆಟ್ ಬರುವುದಿಲ್ಲ.

ಭರಣಿ, ಕೃತ್ತಿಕೆ ಮಳೆಯ ಗುಡುಗು ಶುರುವಾದಾಗ ಅಡಾಪ್ಟರ್ ಕಿತ್ತಿಡಿ. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕೆಳಗಿನಿಂದ ಮಹಡಿಗೆ ಬಯಲಿನಲ್ಲಿ ಎಳೆದ ಲ್ಯಾನ್ ಕೇಬಲ್ ತಾಮ್ರದ್ದು. ಸಿಡಿಲು ಹತ್ತಿರದಲ್ಲಿ ಬಿದ್ದರೆ ಅದರ ಮೂಲಕವೇ ಎರಡೂ ಕಡೆಯ ಪೋರ್ಟ್ ಸುಡುತ್ತದೆ. ಅದನ್ನೂ ಬಿಚ್ಚಿ.

ಕೊನೆಯ ಕೆಲಸ

ಎಲ್ಲಾ ಸರಿಯಾಗಿ ಒಂದು ವಾರ ನಡೆದ ಮೇಲೆ, ಎರಡೂ ಡಬ್ಬಿಗಳ "ಬ್ಯಾಕಪ್ ಅಂಡ್ ರಿಸ್ಟೋರ್" ಪುಟಕ್ಕೆ ಹೋಗಿ ಫೈಲ್ ಇಳಿಸಿಕೊಳ್ಳಿ. ಹೆಸರಿಗೆ ರೌಟರ್‌ನ ಮಾಡೆಲ್ ಮತ್ತು ತಾರೀಕು ಸೇರಿಸಿ. ರೌಟರ್ ಕೆಟ್ಟು ಅದೇ ಮಾಡೆಲ್ ತಂದರೆ, ಈ ಫೈಲ್ ಹಾಕಿದರೆ ಐದು ನಿಮಿಷದಲ್ಲಿ ಎಲ್ಲಾ ಮೊದಲಿನಂತೆ. ಬೇರೆ ಮಾಡೆಲ್ ಆದರೆ ಈ ಫೈಲ್ ನಡೆಯುವುದಿಲ್ಲ, ತೆಗೆದಿಟ್ಟ ಫೋಟೊಗಳೇ ಗತಿ. ಈ ಫೈಲಿನೊಳಗೆ ನಿಮ್ಮ ವೈಫೈ, ಅಡ್ಮಿನ್, ಪಿಪಿಪಿಒಇ ಪಾಸ್‌ವರ್ಡ್‌ಗಳೆಲ್ಲ ಇರುತ್ತವೆ. ರಿಪೇರಿಗೆ ಬರುವವರು "ಫೈಲ್ ವಾಟ್ಸ್ಆ್ಯಪ್ ಮಾಡಿ ಸಾರ್" ಅಂದರೆ ಕಳಿಸಬೇಡಿ, ಮನೆಗೆ ಬಂದಾಗ ನೀವೇ ಕೂತು ಹಾಕಿಕೊಡಿ.